ಗಾರ್ಡ್ ತೆಗೆದವನು ಅವನೇ, ಪರಿಹಾರ ನಾನೇಕೆ ಕೊಡಬೇಕು?

ಕಾರವಾರದ ನಿಮ್ಮ ಐಸ್ ಪ್ಲಾಂಟ್‌ನಲ್ಲಿ ಕೆಲಸದ ಹುಡುಗ ಐಸ್ ಪುಡಿಮಾಡುವ ಕ್ರಷರ್‌ನ ಗಾರ್ಡ್ (ಕೈ ಸಿಗದಂತೆ ಹಾಕುವ ಕವರ್) ತೆಗೆದು ಎರಡು ಬೆರಳು ಕಳೆದುಕೊಂಡ, ತಪ್ಪು ಅವನದ್ದೇ ಅಲ್ವಾ ಅಂತ ಕೇಳಿದ್ದೀರಿ. ಓದಿ ಬೇಸರವಾಯಿತು. ಮೊದಲು ಅವನ ಚಿಕಿತ್ಸೆ ನೋಡಿ.

ಇಂಥ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎಂದು ನೀವು ಹೇಳುವ ವಿನಾಯಿತಿ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇತ್ತು. ಆ ಕಾಯ್ದೆಯ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಆದರೆ ಅದು ತುಂಬಾ ಇಕ್ಕಟ್ಟಿನದು. ಗಾರ್ಡ್ ಇರುವುದು ತನ್ನ ಸುರಕ್ಷತೆಗೆ ಅಂತ ಗೊತ್ತಿದ್ದೂ ಅವನು ಬೇಕೆಂದೇ ತೆಗೆದಿರಬೇಕು. ಬರೀ ಅಜಾಗರೂಕತೆ ಸಾಲುವುದಿಲ್ಲ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಈ ವಿನಾಯಿತಿ ಸಿಗುವುದೇ ಇಲ್ಲ.

ಈಗ ನೀವೇ ಯೋಚಿಸಿ. ಬೋಟು ಬಂದ ದಿನ ಐಸ್‌ಗೆ ಅವಸರ. ಗಾರ್ಡ್ ತೆಗೆದೇ ಓಡಿಸುವುದು ರೂಢಿಯಾಗಿತ್ತಾ? ಮೇಸ್ತ್ರಿ ನೋಡಿಯೂ ಸುಮ್ನೆ ಇದ್ದನಾ? ಹಾಗಿದ್ದರೆ 'ನನ್ನ ಮಾತು ಮೀರಿದ' ಎಂಬ ವಾದ ನಿಲ್ಲುವುದು ಕಷ್ಟ. ಗೋಡೆಗೆ ಕನ್ನಡದ ಬೋರ್ಡ್ ಹಾಕಿದ್ದೇನೆ ಅಂದಿರಿ. ಹುಡುಗ ಒಡಿಶಾದವನು, ಅದನ್ನು ಓದಲು ಅವನಿಗೆ ಬರುತ್ತದಾ? ಶಿರಸಿಯಲ್ಲಿ ನಮ್ಮ ಅಡಿಕೆ ಸುಲಿಯುವ ಶೆಡ್‌ನಲ್ಲಿ ಬೆಲ್ಟಿನ ಕವರ್ ತೆಗೆದರೆ ಮೋಟರ್ ತಾನೇ ನಿಲ್ಲುವ ಸ್ವಿಚ್ ಹಾಕಿಸಿದ್ದೇವೆ. ನೀವೂ ಕ್ರಷರ್ ಮತ್ತೆ ಶುರುಮಾಡುವ ಮೊದಲು ಅದನ್ನು ಹಾಕಿಸಿ.