ಇನೆಪ್ಟ್ ಮತ್ತು ಇನ್ಯಾಪ್ಟ್

ಪ್ರಶ್ನೆ: ಕಚೇರಿಯ ಇಂಗ್ಲಿಷ್ ಟಿಪ್ಪಣಿಯೊಂದರಲ್ಲಿ ಗುತ್ತಿಗೆದಾರರ ಕಳಪೆ ಕೆಲಸವನ್ನು ನಾನು ‘ಇನ್ಯಾಪ್ಟ್’ ಎಂದು ಬರೆದಿದ್ದೆ. ಮೇಲಧಿಕಾರಿಯವರು ಅದನ್ನು ಹೊಡೆದುಹಾಕಿ ‘ಇನೆಪ್ಟ್’ ಎಂದು ತಿದ್ದಿದರು. ಕಂಪ್ಯೂಟರ್ ಎರಡನ್ನೂ ತಪ್ಪೆಂದು ತೋರಿಸುವುದಿಲ್ಲ. ಇವುಗಳ ವ್ಯತ್ಯಾಸವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೇಲಧಿಕಾರಿಯವರು ಸರಿಯಾಗಿಯೇ ತಿದ್ದಿದ್ದಾರೆ. ‘ಇನೆಪ್ಟ್’ ಎಂದರೆ ಕೆಲಸ ಬಾರದ, ಕೈ ಪಳಗದ, ಮಾಡಹೋಗಿ ಕೆಡಿಸುವ ಎಂದರ್ಥ. ‘ಇನ್ಯಾಪ್ಟ್’ ಎಂದರೆ ಸಂದರ್ಭಕ್ಕೆ ಹೊಂದದ, ಅಲ್ಲಿಗೆ ಸಲ್ಲದ ಎಂದರ್ಥ. ಮೊದಲನೆಯದು ಸಾಮರ್ಥ್ಯದ ಕೊರತೆಯನ್ನು ಹೇಳಿದರೆ, ಎರಡನೆಯದು ಔಚಿತ್ಯದ ಕೊರತೆಯನ್ನು ಹೇಳುತ್ತದೆ.

ಎರಡರ ಬೇರೂ ‘ತಕ್ಕ’ ಎಂಬ ಅರ್ಥದ ‘ಆಪ್ಟಸ್’ ಎಂಬ ಲ್ಯಾಟಿನ್ ಪದವೇ ಆಗಿರುವುದರಿಂದ ಗೊಂದಲ ಸಹಜ. ಲ್ಯಾಟಿನ್ನಿನಲ್ಲಿ ನಿಷೇಧಾರ್ಥಕ ‘ಇನ್’ ಮುಂದೆ ಸೇರಿದಾಗ ಒಳಗಿನ ಸ್ವರ ಬದಲಾಗಿ ‘ಇನೆಪ್ಟಸ್’ ಎಂದಾಗುತ್ತಿತ್ತು; ‘ಆನ್ಯುಯಲ್’ ಎಂಬಲ್ಲಿ ಕೇಳುವ ಸ್ವರ ‘ಬಯೆನ್ನಿಯಲ್’ (ಎರಡು ವರ್ಷಕ್ಕೊಮ್ಮೆಯ) ಎಂಬಲ್ಲಿ ‘ಎ’ಕಾರವಾಗಿರುವುದೂ ಇದೇ ಕಾರಣದಿಂದ. ಆ ಪದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಅನಂತರ ಇಂಗ್ಲಿಷಿನವರು ತಮ್ಮ ‘ಆಪ್ಟ್’ಗೇ ನೇರವಾಗಿ ‘ಇನ್’ ಹಚ್ಚಿ ಇನ್ನೊಂದು ಪದ ಕಟ್ಟಿಕೊಂಡರು. ಅಲ್ಲಿ ಸ್ವರ ಬದಲಾಗಲಿಲ್ಲ, ಮೂಲದ ‘ಹೊಂದದ’ ಎಂಬ ಅರ್ಥವೂ ಅದರಲ್ಲೇ ಉಳಿಯಿತು. ಒಂದೇ ತಾಯಿಬೇರಿನ ಪದಗಳು ಹೀಗೆ ಅರ್ಥವನ್ನು ಪಾಲು ಮಾಡಿಕೊಂಡಿರುವುದು ಭಾಷೆಗೆ ಲಾಭವೆಂದೇ ನನ್ನ ಭಾವನೆ; ಆ ಪಾಲನ್ನು ನಾವು ಕಾಪಾಡಬೇಕು.

ಕಟ್ಟಡದ ಇಳಿಜಾರು ದಾರಿಗೆ ಕಲ್ಲು ಹಾಸಿದ್ದಾರೆನ್ನಿ. ಮಟ್ಟ ತಪ್ಪಿ, ಸಂದುಗಳಲ್ಲಿ ಸಿಮೆಂಟು ಉದುರಿ, ಕಾಲಿಟ್ಟಲ್ಲೆಲ್ಲ ಕಲ್ಲು ಅಲುಗಿದರೆ ಆ ಕೆಲಸ ‘ಇನೆಪ್ಟ್’. ಕೂದಲೆಳೆಯಷ್ಟೂ ಸಂದು ಕಾಣದಂತೆ ನಾಜೂಕಾಗಿ ಹಾಸಿದ್ದರೂ, ಆ ಕಲ್ಲು ಮಳೆಗಾಲದಲ್ಲಿ ಜಾರುವ ನುಣುಪು ಗ್ರಾನೈಟ್ ಆಗಿದ್ದರೆ ಆ ಆಯ್ಕೆ ‘ಇನ್ಯಾಪ್ಟ್’. ಕೈಚಳಕಕ್ಕೆ ಇಲ್ಲಿ ಯಾವ ಕುಂದೂ ಇಲ್ಲ.

ನಿಘಂಟುಗಳನ್ನು ತೆರೆದರೆ ‘ಇನೆಪ್ಟ್’ ಪದಕ್ಕೆ ‘ಅನುಚಿತ’ ಎಂಬ ಅರ್ಥವೂ, ‘ಇನ್ಯಾಪ್ಟ್’ ಪದಕ್ಕೆ ‘ಅಕುಶಲ’ ಎಂಬ ಅರ್ಥವೂ ಕೆಲವೆಡೆ ಕಾಣುತ್ತವೆ. ಆದ್ದರಿಂದ ನೀವು ಬರೆದದ್ದು ಪೂರ್ತಿ ಅಪಪ್ರಯೋಗವೆನ್ನಲಾರೆ. ಆದರೆ ಹೊಣೆ ಯಾರದೆಂದು ನಿರ್ಧರಿಸುವ ಕಚೇರಿಯ ಟಿಪ್ಪಣಿಯಲ್ಲಿ ಇಂಥ ಸಡಿಲಿಕೆ ಸಲ್ಲದು: ಕಲ್ಲನ್ನು ಆರಿಸಿದ್ದು ಕಚೇರಿಯೇ ಆಗಿದ್ದರೆ, ‘ಇನ್ಯಾಪ್ಟ್’ ಎಂಬ ನಿಮ್ಮ ಮಾತು ಗುತ್ತಿಗೆದಾರರನ್ನು ಬಿಟ್ಟು ಕಚೇರಿಯನ್ನೇ ದೂರಿದಂತಾಗುತ್ತದೆ.