ಹೊಲದ ಮನೆಯ ಬಂದೂಕಿಗೆ ಯಾವ ತೋಟಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮಸ್ಕಾರ. ಸಿರುಗುಪ್ಪ ಹತ್ತಿರ ನಮ್ಮದು ಹೊಲದ ಮನೆ. ಊರು ಸ್ವಲ್ಪ ದೂರ. ಅಪ್ಪ ತೀರಿಕೊಂಡ ಮೇಲೆ ಅವರ 12 ಬೋರಿನ ಜೋಡಿ ನಳಿಗೆ ಬಂದೂಕು ನನ್ನ ಹೆಸರಿಗೆ ಆಗಿದೆ, ಲೈಸೆನ್ಸೂ ಇದೆ. ಭತ್ತ ಮಾರಿದ ದಿನಗಳಲ್ಲಿ ಕೈಯಲ್ಲಿ ದುಡ್ಡಿರುತ್ತದೆ, ಮನೇಲಿ ಅವ್ವ, ಹೆಂಡತಿ, ಎರಡು ಮಕ್ಕಳು. ಕಳ್ಳರ ಭಯಕ್ಕೆ ಯಾವ ತೋಟಾ ಇಟ್ಟುಕೊಳ್ಳಲಿ? ಯೂಟ್ಯೂಬಿನಲ್ಲಿ ಅಮೆರಿಕದವರು ಡಬಲ್ ಆಟ್ ಬಕ್ ಅಂತಾರೆ. ನಮ್ಮ ಮಾವ ಒಂದು ನಳಿಗೇಲಿ ಸಣ್ಣ ಚರೆಯ (ಪುಟ್ಟ ಸೀಸದ ಗುಂಡುಗಳ) ತೋಟಾ ಹಾಕಿ ಹೆದರಿಸು, ಇನ್ನೊಂದರಲ್ಲಿ ದಪ್ಪ ಗುಂಡಿನ ಎಸ್‌ಜಿ ಇರಲಿ ಅಂತಾರೆ. ಯಾವುದು ಸರಿ?

ಉತ್ತರ: ತೋಟಾ ವಿಷಯ ಆಮೇಲೆ. ಮೊದಲು ಬಂದೂಕು ಖಾಲಿ ಇದೆಯಾ ನೋಡಿಕೊಂಡು, ನಳಿಗೆ ಬಿಚ್ಚಿ ಅದರ ಅಡಿಭಾಗ ಓದಿ. ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. 12 ಅಂತ ಒಂದು ಇರುತ್ತದೆ, ಅದು ಬೋರು, ಅಂದರೆ ನಳಿಗೆಯೊಳಗಿನ ಅಗಲದ ಅಳತೆ. ಅದರ ಜೊತೆ 2½ ಇಂಚು ಅಂತಲೋ 65 (ಮಿ.ಮೀ.) ಅಂತಲೋ, ಇಲ್ಲ 2¾ ಅಥವಾ 70 ಅಂತಲೋ ಇರುತ್ತದೆ. ಅದು ತೋಟಾ ಕೂರುವ ಜಾಗದ ಉದ್ದ. ಅಪ್ಪನ ಕಾಲದ, ಅದರಲ್ಲೂ ವಿಲಾಯತಿ ಬಂದೂಕುಗಳಲ್ಲಿ 65 ಇರೋದು ಮಾಮೂಲು. ಈಗ ಅಂಗಡಿಯಲ್ಲಿ ಸಿಗೋದು ಜಾಸ್ತಿ 70ರದ್ದು.

ಇಲ್ಲೇ ಅಪಾಯ ಇರೋದು. 70ರ ತೋಟಾ 65ರ ಬಂದೂಕಿನಲ್ಲಿ ಸಲೀಸಾಗಿ ಕೂತುಬಿಡುತ್ತದೆ. ಯಾಕಂದರೆ 70 ಅನ್ನೋದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಾಯಿ ಮಡಚಿದ ತೋಟಾ ಅದಕ್ಕಿಂತ ಗಿಡ್ಡ. ಕುದುರೆ (ಟ್ರಿಗರ್) ಎಳೆದಾಗ ಮಡಿಕೆ ಪೂರ್ತಿ ಬಿಚ್ಚಿಕೊಳ್ಳೋಕೆ ಜಾಗ ಇರಲ್ಲ, ಒಳಗೆ ಒತ್ತಡ ಏರುತ್ತದೆ, ಹಳೇ ಕಬ್ಬಿಣ ಎಷ್ಟು ತಡೆದೀತು? ನಿಮ್ಮ ಕೈ ಇರೋದು ಅದೇ ನಳಿಗೆಯ ಕೆಳಗೆ. ಮುದ್ರೆ ಓದಲು ಬರದಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಅಳತೆ ಮಾಡಿಸಿ. ಅಲ್ಲಿಯವರೆಗೆ ಒಂದೂ ತೋಟಾ ಹಾಕಬೇಡಿ. ಮನೆಯಲ್ಲಿ 20 ಬೋರಿನ ತೋಟಾ ಯಾವುದಾದರೂ ಬಿದ್ದಿದ್ದರೆ ಇವತ್ತೇ ಬೇರೆ ಮಾಡಿ. ಅದು 12ರದ್ದಕ್ಕಿಂತ ಸಪೂರ, 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕತ್ತಲಲ್ಲಿ ಗೊತ್ತಾಗಲ್ಲ, ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಈಗ ಚರೆ. ನಮ್ಮಲ್ಲಿ ಸಿಗುವ ಎಸ್‌ಜಿಯ ಒಂದೊಂದು ಗುಂಡು ಸುಮಾರು 8.4 ಮಿ.ಮೀ. ದಪ್ಪ. ಒಂದು ಔನ್ಸಿಗೆ, ಅಂದರೆ 28 ಗ್ರಾಮಿಗೆ, ಎಂಟು ಗುಂಡು. ಯೂಟ್ಯೂಬಿನವರು ಹೇಳುವ ಡಬಲ್ ಆಟ್ ಬಕ್ಕೂ ಹೆಚ್ಚುಕಮ್ಮಿ ಇದೇ, ಹೆಸರು ಮಾತ್ರ ಬೇರೆ. ಎಲ್‌ಜಿ ಇದಕ್ಕಿಂತ ದಪ್ಪ, ಔನ್ಸಿಗೆ ಆರು. ಬಿಬಿ ಅನ್ನೋದು ಸಣ್ಣ ಚರೆ, ಸುಮಾರು 4 ಮಿ.ಮೀ., ಔನ್ಸಿಗೆ ಎಪ್ಪತ್ತರ ಹತ್ತಿರ. 6 ನಂಬರ್, 8 ನಂಬರ್ ಎಲ್ಲ ಇನ್ನೂ ಸಣ್ಣ, ಹಕ್ಕಿಗೆ, ಹಾರುವ ಮಣ್ಣಿನ ತಟ್ಟೆ ಹೊಡೆಯೋ ಆಟಕ್ಕೆ.

ನನ್ನ ಮಾತು ನೇರವಾಗಿ ಹೇಳುತ್ತೇನೆ: ಗಟ್ಟಿ ಗೋಡೆಯ ಮನೆಯಾದರೆ ಎರಡೂ ನಳಿಗೆಗೆ ಒಂದೇ, ಎಸ್‌ಜಿ. ಎಲ್‌ಜಿಯಿಂದ ಮನೆಯೊಳಗೆ ಹೆಚ್ಚಿನ ಲಾಭ ಇಲ್ಲ. ಒಂಟಿ ಗುಂಡಿನ ತೋಟಾ ಅಂತೂ ಬೇಡವೇ ಬೇಡ, ಅದು ಎಲ್ಲಿ ಹೋಗಿ ನಿಲ್ಲುತ್ತದೋ ಹೇಳೋಕಾಗಲ್ಲ.

ನಿಮ್ಮ ಮಾವನ ಲೆಕ್ಕ ನಮ್ಮ ಕಡೆ ಬಹಳ ಜನ ನಂಬಿರೋದು, ಹಾಗಾಗಿ ಬಿಡಿಸಿ ಹೇಳಬೇಕು. ಸಣ್ಣ ಚರೆ ಹೆದರಿಸೋದಕ್ಕೆ ಅಂತ ಅವರು ಅಂದುಕೊಂಡಿದ್ದಾರೆ. ಪಡಸಾಲೆಯ ಈ ಕಡೆಯಿಂದ ಆ ಕಡೆಗೆ ಎಷ್ಟು ದೂರ ಇದ್ದೀತು, ಮೂರು ನಾಲ್ಕು ಮೀಟರ್ ಅಲ್ವಾ? ಅಷ್ಟು ಹತ್ತಿರದಲ್ಲಿ 8 ನಂಬರ್ ಚರೆಯೂ ಚದುರದೆ ಒಂದೇ ಉಂಡೆಯಾಗಿ ಬಡಿಯುತ್ತದೆ. ಆ ಗಾಯ ನೋಡಿದವರು ಅದನ್ನು ಹೆದರಿಕೆ ಅನ್ನಲ್ಲ. ಮನುಷ್ಯ ಸಾಯಬಹುದು. ಅದೇ ಚರೆ ಸ್ವಲ್ಪ ದೂರ ಹೋಗಿ ಹರಡಿಕೊಂಡರೆ ಚರ್ಮದಡಿ ನಿಂತುಬಿಡುತ್ತದೆ, ಮಚ್ಚು ಹಿಡಿದು ಬರುವವನು ನಿಲ್ಲದೆ ಇನ್ನೂ ಸಿಟ್ಟಿನಲ್ಲಿ ಬರಬಹುದು. ಅಂದರೆ ಎರಡು ಕಡೆಯೂ ನಷ್ಟ. ಕೊಲ್ಲುವ ಅಪಾಯ ಹಾಗೇ ಇದೆ, ತಡೆಯುವ ಭರವಸೆ ಇಲ್ಲ. ಹೆದರಿಸಬೇಕು ಅಂದರೆ ದೀಪ ಹಾಕಿ, ಬಾಗಿಲು ಭದ್ರ ಮಾಡಿ, ಪೊಲೀಸರಿಗೆ ಫೋನ್ ಮಾಡಿದ್ದೀನಿ ಅಂತ ಕೂಗಿ. ಮನುಷ್ಯನ ಕಡೆ ಬಂದೂಕು ತಿರುಗಿಸೋದು ಜೀವ ಹೋಗುತ್ತೆ ಅನ್ನೋ ಹೊತ್ತಿಗೆ ಮಾತ್ರ.

ಚರೆ ಬಂದೂಕಿಗೆ ಗುರಿ ಬೇಕಿಲ್ಲ ಅನ್ನೋದು ಇನ್ನೊಂದು ತಪ್ಪು. ಬಾಯಿ ಬಿಗಿ ಇಲ್ಲದ ನೇರ ನಳಿಗೆಯಲ್ಲಿ ಚರೆ ಹರಡೋದು ಅಂದಾಜು ಗಜಕ್ಕೊಂದು ಇಂಚು. ಐದು ಮೀಟರಿಗೆ ಐದಾರು ಇಂಚು, ಹತ್ತು ಮೀಟರಿಗೆ ಒಂದು ಜೋಳದ ರೊಟ್ಟಿಯಗಲ. ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಎಡಗಡೆಯದರ ಬಾಯಿ ಬಿಗಿ ಇರುತ್ತದೆ, ಅದು ಇನ್ನೂ ಕಮ್ಮಿ ಹರಡುತ್ತದೆ. ನಿಮ್ಮ ಬಂದೂಕು, ನಿಮ್ಮ ತೋಟಾ, ನಿಮ್ಮ ಮನೆಯ ಅತಿ ಉದ್ದದ ಅಂತರ, ಇವು ಮೂರನ್ನೂ ಸೇರಿಸಿ ಒಂದು ದೊಡ್ಡ ಕಾಗದಕ್ಕೆ ಹೊಡೆದು ನೋಡಬೇಕು. ಹೊಲದಲ್ಲಿ ಅಲ್ಲ, ಅನುಮತಿ ಇರುವ ಫೈರಿಂಗ್ ರೇಂಜಿನಲ್ಲಿ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ನಡೆಯುವಾಗ ವಿಚಾರಿಸಿ.

ಇನ್ನು ಗೋಡೆ. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಂ ಹಲಗೆಯದು, ಅದಕ್ಕೇ ಅವರ ಚರ್ಚೆಯೆಲ್ಲ ಚರೆ ಗೋಡೆ ದಾಟುತ್ತಾ ಅನ್ನೋದರ ಮೇಲೆ. ನಮ್ಮಲ್ಲಿ ಕಲ್ಲು, ಇಟ್ಟಿಗೆ, ದಪ್ಪ ಮಣ್ಣಿನ ಗೋಡೆ. ಮಣ್ಣಿನ ಗೋಡೆ ಚರೆಯನ್ನು ನುಂಗಿಕೊಳ್ಳುತ್ತದೆ. ಕಲ್ಲಿಗೆ ಓರೆಯಾಗಿ ಬಡಿದ ಚರೆ ತಿರುಗಿ ಹಾರುತ್ತದೆ, ಅದು ಪಕ್ಕದಲ್ಲಿ ನಿಂತ ಮಗುವಿಗೂ ತಾಗಬಹುದು. ತಗಡಿನ ಬಾಗಿಲು, ತಗಡಿನ ಶೆಡ್ಡು, ತಡಿಕೆ ಇವನ್ನೆಲ್ಲ ಎಸ್‌ಜಿ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ನಾಟಿ ಕಾಲದಲ್ಲಿ ಕೂಲಿಯವರು ನಿಮ್ಮ ಅಂಗಳದ ಶೆಡ್ಡಿನಲ್ಲಿ ಮಲಗುತ್ತಾರಾ? ಮಲಗುವುದಾದರೆ ಆ ದಿಕ್ಕಿಗೆ ಯಾವ ತೋಟಾನೂ ಇಲ್ಲ. ಇಡೀ ಮನೆಯೇ ತಗಡು ಆಗಿದ್ದರೆ ಬಿಬಿ ಒಂದು ರಾಜಿ, ಆದರೆ ಅದೂ ತಗಡು ದಾಟುತ್ತದೆ ಅನ್ನೋದು ನೆನಪಿರಲಿ.

ಹಾಗಾಗಿ ನಾನು ಹೇಳೋದು, ಇವತ್ತು ಸಂಜೆ ಮನೆಯವರನ್ನೆಲ್ಲ ಕರೆದು ಮಾತಾಡಿ. ಸದ್ದಾದರೆ ಎಲ್ಲರೂ ಯಾವ ಕೋಣೆಗೆ ಬರಬೇಕು, ಅವ್ವನ ಕೈ ಯಾರು ಹಿಡಿಯಬೇಕು, 112ಕ್ಕೆ ಯಾರು ಫೋನ್ ಮಾಡಬೇಕು. ನೀವು ಆ ಕೋಣೆಯ ಬಾಗಿಲ ಕಡೆ ಮುಖ ಮಾಡಿ ನಿಲ್ಲಿ, ಎಲ್ಲರೂ ನಿಮ್ಮ ಹಿಂದೆ ಇರಲಿ. ಕತ್ತಲಲ್ಲಿ ಬಂದೂಕು ಹಿಡಿದು ಕೋಣೆ ಕೋಣೆ ಹುಡುಕಿಕೊಂಡು ಹೋಗಬೇಡಿ. ಬಚ್ಚಲಿಗೆ ಎದ್ದ ಸ್ವಂತ ಮಗ ಎದುರಾಗಬಹುದು. ಕೈಯಲ್ಲಿ ಒಂದು ಒಳ್ಳೆ ಬ್ಯಾಟರಿ ಇರಲಿ, ಮುಖ ಕಾಣದೆ ಕುದುರೆ ಮುಟ್ಟಬೇಡಿ.

ಕಾನೂನನ್ನೂ ತಿಳಿದಿರಿ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ, 2024ರ ಜುಲೈ 1ರಿಂದ ಜಾರಿ. ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ನುಗ್ಗೋದು, ವಾಸದ ಮನೆಗೆ ಬೆಂಕಿ ಇಡೋದು, ಇಂಥ ಸಂದರ್ಭದಲ್ಲಿ ಆ ಹಕ್ಕು ಬಹಳ ದೂರದವರೆಗೆ ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡೋ ಹಕ್ಕು ಯಾರಿಗೂ ಇಲ್ಲ. ಗೋಡೆ ಹಾರಿ ಗದ್ದೆ ಬದುವಿನ ಮೇಲೆ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕೊಲೆ ಕೇಸಿನಲ್ಲಿ ನೀವೇ ನಿಲ್ಲಬೇಕಾದೀತು. ದುಡ್ಡು ಹೋದರೆ ಹೋಗಲಿ. ಇನ್ನೂ ಒಳ್ಳೇದು, ಭತ್ತದ ದುಡ್ಡು ಮನೆಗೇ ಬರದಂತೆ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ. ಕಳ್ಳ ಬರೋದೇ ಅದಕ್ಕೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಹಳೇ ತೋಟಾ ಸಿಕ್ಕಿವೆ. ಕೆಲವು ಕಾಗದದವು, ತಳದ ಹಿತ್ತಾಳೆ ಹಸಿರಾಗಿದೆ. ಲೈಸೆನ್ಸ್ ನನ್ನ ಹೆಸರಲ್ಲೇ ಇದೆ. ಬಳಸಬಹುದಾ? (ಮಾನ್ವಿಯಿಂದ ಒಬ್ಬರು)

ಉತ್ತರ: ಬೇಡ. ಕಾಗದದ ತೋಟಾ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ಒತ್ತಿ ತುರುಕಿದರೆ ಆಮೇಲೆ ಹೊರಗೂ ಬರಲ್ಲ. ಕಿಲುಬು ಹಿಡಿದದ್ದು ಹಾರದೇ ಇರಬಹುದು, ತಡವಾಗಿಯೂ ಹಾರಬಹುದು. ಯಾವ ತೋಟಾ ಆದರೂ ಕುದುರೆ ಎಳೆದಾಗ ಹಾರಲಿಲ್ಲ ಅಂದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಹಾಗೇ ನಿಲ್ಲಿ, ತಕ್ಷಣ ಬಿಚ್ಚಬೇಡಿ. ಠುಸ್ ಅಂತ ಸಣ್ಣ ಸದ್ದಾದರೆ ಎರಡನೆಯದು ಹೊಡೆಯಲೇಬೇಡಿ. ಬಂದೂಕು ಖಾಲಿ ಮಾಡಿ ನಳಿಗೆಯೊಳಗೆ ಬಿರಟೆ (ಮದ್ದಿಗೂ ಚರೆಗೂ ನಡುವೆ ಇರುವ ಬಿಲ್ಲೆ) ಸಿಕ್ಕಿಕೊಂಡಿದೆಯಾ ನೋಡಿ. ಹಳೇವನ್ನು ಒಲೆಗೆ, ಬಾವಿಗೆ ಹಾಕೋದು ಬೇಡ. ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀದಿ ತಗೊಳ್ಳಿ. ಹೊಸದನ್ನು ಲೈಸೆನ್ಸಿನಲ್ಲಿ ಬರೆದಿರುವ ಸಂಖ್ಯೆ ಮೀರದೆ ಕೊಂಡು, ತಗಡಿನ ಚಾವಣಿಯಡಿಯ ಟ್ರಂಕಿನಲ್ಲಲ್ಲ, ತಂಪಾದ ಒಳಕೋಣೆಯ ಬೀಗದ ಕಪಾಟಿನಲ್ಲಿಡಿ. ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಬಂದೂಕು ಖಾಲಿಯಾಗಿ ಬೇರೆ ಬೀಗದಲ್ಲಿರಲಿ, ಎರಡೂ ಕೀಲಿ ನಿಮ್ಮ ಹತ್ತಿರ.

ಪ್ರಶ್ನೆ: ಗಂಗಾವತಿ ಹತ್ತಿರ ಬೆಟ್ಟದ ಪಕ್ಕ ನಮ್ಮ ಮನೆ. ಚಿರತೆ ಬಂದರೆ ಎಸ್‌ಜಿ ಹೊಡೆಯಬಹುದಾ?

ಉತ್ತರ: ಅಂಗಳದಲ್ಲಿ ಕಂಡಿತು, ನಾಯಿ ಹೊತ್ತೊಯ್ದಿತು ಅಂತ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನ ಪ್ರಾಣಿ ಅದು, ಕರಡಿಯೂ ಅಷ್ಟೇ. ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಕಾಯ್ದೆಯಲ್ಲಿ ರಕ್ಷಣೆ ಇದೆ, ಆದರೆ ಆಗಲೂ ಅರಣ್ಯ ಇಲಾಖೆಗೆ ಕೂಡಲೇ ಹೇಳಬೇಕು. ಗಾಯವಾಗಿ ತಪ್ಪಿಸಿಕೊಂಡ ಚಿರತೆ ಊರಿಗೇ ಅಪಾಯ. ದನ, ಕುರಿ ರಾತ್ರಿ ಒಳಗೆ ಕಟ್ಟಿ, ಹಿತ್ತಲಿಗೆ ಲೈಟ್ ಹಾಕಿಸಿ, ಹೆಜ್ಜೆ ಕಂಡರೆ ಬೋನು ಇಡಿಸಲು ಅರ್ಜಿ ಕೊಡಿ.