ಬೋರ್ಡ್ ಮೀಟಿಂಗ್ ಅಜೆಂಡಾದಲ್ಲಿ ಒಂದು ವಿಷಯ ಸೇರಿಸುವುದು ಹೇಗೆ? ಅಧ್ಯಕ್ಷರು ಬೇಡ ಅನ್ನಬಹುದಾ?

ಮೊದಲು ನಿಮ್ಮ ಸಂಸ್ಥೆಯ ಬೈಲಾ ತೆಗೆದು ನೋಡಿ. ಉತ್ತರ ಬಹುಪಾಲು ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ಅಧ್ಯಕ್ಷರು, ಕಾರ್ಯದರ್ಶಿ ಕೂತು ಅಜೆಂಡಾ ತಯಾರಿಸುತ್ತಾರೆ. ಸದಸ್ಯರು ತಮ್ಮ ವಿಷಯವನ್ನು ಗಡುವಿನೊಳಗೆ ಬರೆದು ಕೊಡಬೇಕು. ಬಾಯಿಮಾತಲ್ಲಿ ಹೇಳಿ ಸುಮ್ನಾದರೆ ಅದು ಮರೆತೇ ಹೋಗುತ್ತದೆ.

ಬರೆಯುವ ರೀತಿಯೂ ಮುಖ್ಯ. 'ಕಟ್ಟಡದ ವಿಚಾರ' ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಚಾವಣಿ ದುರಸ್ತಿಗೆ ಬಂದಿರುವ ಮೂರು ಕೊಟೇಶನ್‌ಗಳಲ್ಲಿ ಒಂದನ್ನು ಒಪ್ಪುವುದು' ಅಂತ ಬರೆಯಿರಿ, ಕೊಟೇಶನ್‌ಗಳನ್ನೂ ಜೊತೆಗಿಡಿ. ನಿರ್ಧಾರ ಬೇಕಾ, ಬರೀ ಚರ್ಚೆ ಸಾಕಾ, ಇಲ್ಲ ಮಾಹಿತಿಗಷ್ಟೇನಾ ಅನ್ನುವುದನ್ನೂ ಹೇಳಿಬಿಡಿ.

ಅಧ್ಯಕ್ಷರು ಬೇಡ ಅಂದರೂ ದಾರಿ ಪೂರ್ತಿ ಮುಚ್ಚಿಲ್ಲ. ಮೀಟಿಂಗ್ ಶುರುವಿನಲ್ಲಿ ಅಜೆಂಡಾಗೆ ಒಪ್ಪಿಗೆ ಕೇಳುತ್ತಾರಲ್ವಾ, ಆಗ ತಿದ್ದುಪಡಿ ಸೂಚಿಸಬಹುದು. ರಾಬರ್ಟ್ಸ್ ರೂಲ್ಸ್ (ಸಭೆ ನಡೆಸುವ ನಿಯಮಗಳ ಅಮೆರಿಕದ ಕೈಪಿಡಿ) ಪಾಲಿಸುವ ಕಡೆ ಆ ಹಂತದಲ್ಲಿ ಸರಳ ಬಹುಮತ ಸಾಕು. ಒಪ್ಪಿಗೆಯಾದ ಮೇಲೆ ಬದಲಿಸಲು, ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನರ, ಇಲ್ಲವೇ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬೆಂಬಲ ಬೇಕು. ಹಾಗಾಗಿ ತಡಮಾಡಬೇಡಿ.

ವಿಶೇಷ ಸಭೆಯ ಲೆಕ್ಕವೇ ಬೇರೆ. ನೋಟಿಸ್‌ನಲ್ಲಿ ಕಾಣಿಸಿದ ವಿಷಯ ಬಿಟ್ಟು ಬೇರೇನನ್ನೂ ಅಲ್ಲಿ ತೀರ್ಮಾನಿಸುವ ಹಾಗಿಲ್ಲ. ಸಾರ್ವಜನಿಕ ಸಂಸ್ಥೆಗಳಲ್ಲಂತೂ ಮುಂಚೆಯೇ ಪ್ರಕಟಿಸದ ವಿಷಯದ ಮೇಲೆ ಮತ ಹಾಕುವುದಕ್ಕೆ ಕಾನೂನೇ ಅಡ್ಡ ಬರಬಹುದು.

'ಇತರ ವಿಷಯಗಳು' ಅನ್ನುವ ಕೊನೆಯ ಸಾಲು ಸಣ್ಣಪುಟ್ಟ ಸಂಗತಿಗೆ ಸರಿ. ದೊಡ್ಡ ಖರ್ಚನ್ನು ಅಲ್ಲಿ ತೂರಿಸುವವರೂ ಇದ್ದಾರೆ. ನನ್ನ ಕೇಳಿದರೆ ಅದು ಮೋಸ. ಅರ್ಧ ಜನ ಬ್ಯಾಗ್ ಹೆಗಲಿಗೇರಿಸಿ ಎದ್ದು ನಿಂತಿರುತ್ತಾರೆ, ಕಾಗದ ಓದುವವರು ಯಾರು?